ಯೂರಿಯಾ ಚೀಲದ ಕೊಪ್ಪೆ

ಮಂಠಾಳ ಎಂಬ ಊರಿನ ಸುತ್ತಿನ ಹೊಲದ ದಾರಿಗಳಲ್ಲಿ ಹಗುರವಾದ ಮಳೆಯಂಗಿ ಎಂದರೆ ಖಾಲಿ ಯೂರಿಯಾ ಚೀಲದ ಕೊಪ್ಪೆ. ಇದಕ್ಕೆ ದರ್ಜಿ ಬೇಡ. ಚೀಲದ ತಳದ ಒಂದು ಮೂಲೆಯನ್ನು ಇನ್ನೊಂದರೊಳಗೆ ತೂರಿಸಿ ತಲೆಗೇರಿಸಿದರೆ ಟೋಪಿಯೂ ಅದೇ, ಬೆನ್ನಿಗೆ ಕೋಟೂ ಅದೇ. ಅಳತೆ ಒಂದೇ, ಹೊಟ್ಟೆ ಬಂದವರಿಗೂ ಬಾರದವರಿಗೂ ಸರಿಹೋಗುತ್ತದೆ. 2018ರಲ್ಲಿ ಚೀಲದ ತೂಕ 50 ಕಿಲೋದಿಂದ 45ಕ್ಕೆ ಇಳಿದಾಗ ಎಲ್ಲರೂ ಗೊಬ್ಬರದ ಲೆಕ್ಕ ಹಾಕಿದರೇ ಹೊರತು, ಕೊಪ್ಪೆಯ ಉದ್ದದ ಗತಿಯೇನೆಂದು ಯಾವ ಕಡತವೂ ಕೇಳಲಿಲ್ಲ.

ಅದಕ್ಕೂ ಹಿರಿಯದು ಕಂಬಳಿ. ಕುರಿಯುಣ್ಣೆಯ ಜಿಡ್ಡು ಹನಿಯನ್ನು ಜಾರಿಸುತ್ತದೆ, ಉಣ್ಣೆ ಮೈಯನ್ನು ಬೆಚ್ಚಗಿಡುತ್ತದೆ. ಜಡಿಮಳೆ ಹಿಡಿದರೆ ಮಾತ್ರ ನೀರು ಕುಡಿದು, ಹೊದ್ದವರು ಕುರಿಯನ್ನೇ ಹೊತ್ತಂತಾಗುತ್ತದೆ.

ಪೇಟೆಯ ಜಾಕೆಟ್ಟಿನ ಹೆಗ್ಗಳಿಕೆ ಬೇರೆ: ಮಳೆ ಒಳಬರದು, ಬೆವರಿನ ಆವಿ ಹೊರಹೋಗುತ್ತದೆ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಕಾಯಿಸಿದ ಟೆಫ್ಲಾನನ್ನು ಸರಕ್ಕನೆ ಎಳೆದಾಗ ಸಿಕ್ಕ ಸೂಕ್ಷ್ಮರಂಧ್ರಗಳ ಪೊರೆ ಇದರ ಮೂಲ. ಕೊಪ್ಪೆಗೆ ಅಷ್ಟೆಲ್ಲ ವಿಜ್ಞಾನ ಬೇಕಿಲ್ಲ; ಮುಂಭಾಗ ಪೂರ್ತಿ ತೆರೆದಿರುವುದರಿಂದ ಬೆವರು ಧಾರಾಳವಾಗಿ ಹೊರಡುತ್ತದೆ. ಎದುರುಗಾಳಿ ಬೀಸಿದರೆ ಮಳೆಯೂ ಅಷ್ಟೇ ಧಾರಾಳವಾಗಿ ಒಳಬರುತ್ತದೆ. ಮೊಣಕಾಲಿನ ಕೆಳಗಂತೂ ಕೊಪ್ಪೆ, ಜಾಕೆಟ್ಟು ಎರಡೂ ನಿರುಪಯೋಗಿ. ಅಲ್ಲಿ ಎರೆಮಣ್ಣಿನದೇ ಕಾರುಬಾರು, ಚಪ್ಪಲಿ ಕೈಯಲ್ಲಿ.