ಡೇಟಾ ಬೇಕಾ ಸಾರ್?

ಕಾಫಿ ಕುಡಿದ ಲ್ಯಾಪ್‌ಟಾಪನ್ನು ಅಕ್ಕಿ ಡಬ್ಬದಲ್ಲಿ ಹೂತಿಡಬೇಕೆಂದು ಮೊದಲು ಹೇಳಿದ ಪುಣ್ಯಾತ್ಮ ಯಾರೋ, ಅವನ ಮಾತು ನಮ್ಮ ಮನೆಗಳಲ್ಲಿ ವೇದವಾಕ್ಯ. ನಮ್ಮ ಭಾವನೂ ಹೂತರು. ಅದೂ ಸೋನಾ ಮಸೂರಿಯಲ್ಲಿ; ರೇಷನ್ ಅಕ್ಕಿ ಮೇಲೆ ಅವರಿಗೆ ನಂಬಿಕೆಯಿಲ್ಲ. ಕೀಬೋರ್ಡಿನ ಸಂದಿಗಿಳಿದ ಸಕ್ಕರೆಯನ್ನು ಯಾವ ಅಕ್ಕಿ ತಾನೇ ಎಳೆದೀತು? ನೀರು ಆರಿದ ಮೇಲೂ ಆ ಅಂಟು ಬೋರ್ಡಿನ ಮೇಲೆ ಕೂತು ಕಿಲುಬು ಹಿಡಿಸುತ್ತಾ ಹೋಗುತ್ತದೆ. ತಕ್ಷಣ ಆಫ್ ಮಾಡಿ, ಚಾರ್ಜರ್ ಕಿತ್ತು, ರಿಪೇರಿಯವನ ಹತ್ತಿರ ಓಡಬೇಕು. ಭಾವ ಮಾತ್ರ ಹೊತ್ತು ಹೊತ್ತಿಗೆ ಡಬ್ಬದಿಂದ ತೆಗೆದು "ಜೀವ ಬಂತಾ ನೋಡೋಣ" ಅಂತ ಪವರ್ ಬಟನ್ ಒತ್ತಿದರು. ಅದು ಸತ್ತದ್ದು ಕಾಫಿಯಿಂದಲೋ ಈ ಆರೈಕೆಯಿಂದಲೋ, ಆಣೆಯಿಟ್ಟು ಹೇಳುವವರಿಲ್ಲ.

ಕಡೆಗೆ ಎಸ್.ಪಿ. ರೋಡು. ಬೆಂಗಳೂರಿನ ಕಂಪ್ಯೂಟರುಗಳಿಗೆ ಮುಕ್ತಿಯೂ ಪುನರ್ಜನ್ಮವೂ ಅಲ್ಲೇ. ಇಬ್ಬರು ನಿಂತರೆ ಮೂರನೆಯವರು ಬೀದಿಗೆ ಬೀಳುವಂಥ ಅಂಗಡಿ. ಹುಡುಗ ಸ್ಕ್ರೂ ಬಿಚ್ಚಿ ಸಾಲಾಗಿ ಜೋಡಿಸಿಟ್ಟ, ಹಲ್ಲುಜ್ಜುವ ಬ್ರಷ್ಷನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಬೋರ್ಡು ಉಜ್ಜಿದ. ಘಾಟು ಮೂಗಿಗೆ ಬಡಿದದ್ದೇ ಭಾವ, "ಏನಪ್ಪಾ, ಬೆಳಬೆಳಿಗ್ಗೆನೇ?" ಅಂದರು. ಅವನು ತಲೆ ಎತ್ತಲಿಲ್ಲ.

"ಬೋರ್ಡ್ ಡೆಡ್ ಸಾರ್. ಡೇಟಾ ಬೇಕಾ?"

"ಅದರಲ್ಲೇನಿದೆ ಬಿಡಪ್ಪಾ..."

"ರೀ, ಪುಟ್ಟಿ ನಾಮಕರಣದ ಫೋಟೋ?" ಹಿಂದಿನಿಂದ ಅಕ್ಕ. ಅಷ್ಟು ಹೊತ್ತು ಕೂಲಿಯಲ್ಲಿ ನೂರಿನ್ನೂರಕ್ಕೆ ಜಗ್ಗಾಡುತ್ತಿದ್ದವರು ಬಾಯಿ ಮುಚ್ಚಿದರು.

ಬೋರ್ಡು ಸತ್ತರೆ ಡಿಸ್ಕೂ ಸಾಯಬೇಕೆಂದಿಲ್ಲ. ಹುಡುಗ ಅದನ್ನು ಬಿಚ್ಚಿ ಯುಎಸ್‌ಬಿ ಕೇಸಿಗೆ ಹಾಕಿದ, ತಿರುಗಿತು. ಪಕ್ಕದ ಗಿರಾಕಿಯ ಡಿಸ್ಕು ಮಾತ್ರ ಟಕ್ ಟಕ್ ಎನ್ನುತ್ತಿತ್ತು. "ರಾತ್ರಿಯೆಲ್ಲಾ ಫ್ರೀಜರಿನಲ್ಲಿಡಿ" ಎಂದು ಭಾವನ ಉಚಿತ ಸಲಹೆ. ತಲೆಗೂದಲು ಸುಮಾರು 80,000 ನ್ಯಾನೋಮೀಟರ್ ದಪ್ಪ. ಡಿಸ್ಕಿನ ಹೆಡ್ಡು ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತದೆ. ಆ ಸಂದಿಯಲ್ಲಿ ಮಂಜು ಕಟ್ಟಿಸಲು ಹೇಳುವ ಧೈರ್ಯ ನಮ್ಮ ಭಾವನಿಗೇ ಸೈ.

ಡಿಸ್ಕೇನೋ ತಿರುಗಿತು, ನಾಮಕರಣ ಕಾಣಲಿಲ್ಲ. ಜಾಗ ಸಾಲದೆಂದು ಭಾವ ಆ ಫೋಲ್ಡರನ್ನು ಅಳಿಸಿ, ರೀಸೈಕಲ್ ಬಿನ್ನನ್ನೂ ಗುಡಿಸಿ, ಸಿನಿಮಾ ತುಂಬಿಕೊಂಡಿದ್ದರು. ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದ ಮಾತ್ರಕ್ಕೆ ವಿದ್ಯಾರ್ಥಿ ಬೆಂಚಿನಿಂದ ಎದ್ದು ಹೋಗುವುದಿಲ್ಲ. ಹೊಸಬ ಬಂದು ಕೂರುವ ತನಕ ಅಲ್ಲೇ ಇರುತ್ತಾನೆ. ಇಂಥ ಡಿಸ್ಕಿನಲ್ಲಿ ಅಳಿಸಿದ ಫೈಲಿನ ಕಥೆಯೂ ಅದೇ. ಎಸ್‌ಎಸ್‌ಡಿ ಆಗಿದ್ದರೆ ಟ್ರಿಮ್ ಎಂಬ ಆಜ್ಞೆ ಬೆಂಚನ್ನೇ ತೊಳೆದಿಡುತ್ತಿತ್ತು. ಹುಡುಗ ಮೊದಲು ಇಡೀ ಡಿಸ್ಕಿನ ನಕಲು ತೆಗೆದುಕೊಂಡ, ಹುಡುಕಾಟವೆಲ್ಲ ಆ ನಕಲಿನ ಮೇಲೆ. ಕಸುಬು ಗೊತ್ತಿರುವವರು ಅಸಲಿಗೆ ಕೈ ಹಚ್ಚುವುದಿಲ್ಲ.

ಫೋಟೋ ಬಂದವು, ಹೆಸರಿಲ್ಲದೆ, ಬರೀ ನಂಬರು ಹೊತ್ತು. ಶುಭೋದಯದ ಗುಲಾಬಿಗಳು ರಾಶಿ ರಾಶಿ. ಅವುಗಳಿಗೆ ಸಾವೇ ಇಲ್ಲ. ನಾಮಕರಣದ್ದೊಂದು ಅರ್ಧ ಬಂತು: ಮೇಲೆ ಪುರೋಹಿತರ ಪೇಟ, ಕೆಳಗೆಲ್ಲ ಬೂದು ಪಟ್ಟಿ. ಪುಟ್ಟಿ ಇದ್ದ ಜಾಗದಲ್ಲಿ ಸಿನಿಮಾ ಕೂತಿತ್ತು. ಅಕ್ಕ ಭಾವನ ಕಡೆ ನೋಡಿದ ನೋಟಕ್ಕೆ ಬೋರ್ಡು ಇನ್ನೊಮ್ಮೆ ಸುಡಬೇಕಿತ್ತು.

ಭಾವನ ಮಾನ ಉಳಿಸಲು ನಾನೇ ಪಿಕ್ಸಾರ್ ಕಥೆ ತೆಗೆದೆ. 1998ರಲ್ಲಿ ಅಲ್ಲಿ ಯಾರೋ ಕೊಟ್ಟ ಒಂದು ಆಜ್ಞೆಗೆ 'ಟಾಯ್ ಸ್ಟೋರಿ 2' ಸಿನಿಮಾದ ಬಹುಪಾಲು ಅಳಿಸಿಹೋಯಿತು, ಬ್ಯಾಕಪ್ಪೂ ಕೈಕೊಟ್ಟಿತ್ತು. ಮಗು ಹುಟ್ಟಿದ್ದರಿಂದ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗೇಲಿನ್ ಸುಸ್ಮನ್ ಅವರ ಕಂಪ್ಯೂಟರಿನಲ್ಲಿ ಒಂದು ಪ್ರತಿಯಿತ್ತು, ಸಿನಿಮಾ ಬದುಕಿತು. "ನೋಡಿದೆಯಾ, ಅಷ್ಟು ದೊಡ್ಡವರೇ!" ಎಂದು ಭಾವ ಎದೆಯುಬ್ಬಿಸಿದರು. ಪ್ರತಿ ಬೇರೆ ಮನೆಯಲ್ಲಿತ್ತು ಎಂಬುದು ಅವರ ಕಿವಿಗೆ ಬೀಳಲೇ ಇಲ್ಲ.

ಬ್ಯಾಕಪ್ಪಿಗೆಂದು ಹೊಸ ಡಿಸ್ಕು ಕೊಂಡರು, ಚೌಕಾಸಿ ಮಾಡಿಯೇ. ಈಗ ಅದು ಲ್ಯಾಪ್‌ಟಾಪಿನ ಬ್ಯಾಗಿನಲ್ಲೇ, ಲ್ಯಾಪ್‌ಟಾಪಿಗೆ ಅಂಟಿಕೊಂಡೇ ಬಸ್ಸು, ರೈಲು ಎಲ್ಲ ಸುತ್ತುತ್ತದೆ. ಅಕ್ಕ ಕೇಳಿದರೆ, "ಬೇಕಾದಾಗ ಕೈಗೆ ಸಿಗಬೇಕಲ್ಲ ಕಣೇ" ಅನ್ನುತ್ತಾರೆ.