ಸದರಿ ಚರಕದ ಹೇಳಿಕೆ

ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು 1957ರ ನವೆಂಬರ್ 1ರಂದು ಸ್ಥಾಪನೆಯಾಗಿ, ಭಾರತೀಯ ಮಾನಕ ಬ್ಯೂರೋದ ಪರವಾನಗಿಯಡಿ ರಾಷ್ಟ್ರಧ್ವಜ ತಯಾರಿಸುವ ಸಂಸ್ಥೆಯೆಂದು ಹೆಸರಾಗಿದೆ. ಧ್ವಜದ ಬಗೆಗಿನ ತೀರ್ಪು, ನಿಯಮಗಳ ಚರ್ಚೆಯಲ್ಲಿ ನೂಲುವ ಕಡೆಯವರ ಮಾತು ಅಪರೂಪವಾದುದರಿಂದ, ಅಲ್ಲಿಯ ಹಳೆಯ ಚರಕವೊಂದನ್ನು ಸಂದರ್ಶಿಸಿದಂತೆ ಇಲ್ಲಿ ಕಲ್ಪಿಸಲಾಗಿದೆ. ಚರಕವು ನ್ಯಾಯಾಲಯದ ಪ್ರಮಾಣಪತ್ರಗಳ ಭಾಷೆಯನ್ನು ರೂಢಿಸಿಕೊಂಡು, ತನ್ನನ್ನು ‘ಸದರಿ ಚರಕ’ ಎಂದೇ ಕರೆದುಕೊಂಡಿದೆ.

ಪ್ರಶ್ನೆ: ಧ್ವಜದೊಂದಿಗೆ ತಮ್ಮ ಸಂಬಂಧವೇನು?

ಚರಕ: 1931ರಲ್ಲಿ ಕಾಂಗ್ರೆಸ್ ಒಪ್ಪಿದ ಧ್ವಜದ ನಡುವೆ ಸದರಿ ಚರಕದ ಚಿತ್ರವೇ ಇತ್ತು. 1947ರ ಜುಲೈ 22ರಂದು ಸಂವಿಧಾನ ಸಭೆಯು ಅಲ್ಲಿ ಸಾರನಾಥದ ಚಕ್ರವನ್ನಿರಿಸಿತು. ಗಾಲಿ ಒಂದು ತುದಿಗೆ, ಕದಿರು ಇನ್ನೊಂದು ತುದಿಗೆ ಇರುವ ಚಿತ್ರವು ಬಟ್ಟೆಯ ಹಿಂಬದಿಯಲ್ಲಿ ತಿರುವುಮುರುವಾಗಿ ಕಾಣುತ್ತದೆಂದು ನೆಹರೂ ವಿವರಿಸಿದರು. ಕದಿರಿಲ್ಲದ ಗಾಲಿಯಿಂದ ನೂಲು ಹೊರಡದೆಂಬ ಸದರಿ ಚರಕದ ಆಕ್ಷೇಪಣೆಯು ಈಗ ಕಾಲಮಿತಿ ಮೀರಿದೆ.

ಪ್ರಶ್ನೆ: ಸುಪ್ರೀಂ ಕೋರ್ಟಿನ ತೀರ್ಪಿನಿಂದ ತಮಗೆ ಲಾಭವಾಯಿತಲ್ಲವೇ?

ಚರಕ: ಅಮೆರಿಕದ ಡಲ್ಲಾಸ್‌ನಲ್ಲಿ ಓದಿ ಬಂದ ಉದ್ಯಮಿ ನವೀನ್ ಜಿಂದಾಲ್ ಅವರು ರಾಯಗಢದ ಕಾರ್ಖಾನೆಯಲ್ಲಿ ಧ್ವಜ ಹಾರಿಸುವುದನ್ನು ಅಧಿಕಾರಿಗಳು ತಡೆದಾಗ ನ್ಯಾಯಾಲಯದ ಮೆಟ್ಟಿಲೇರಿದರು. 2004ರ ಜನವರಿ 23ರ ತೀರ್ಪು, ಗೌರವದಿಂದ ಧ್ವಜ ಹಾರಿಸುವುದು 19(1)(ಎ) ವಿಧಿಯಡಿಯ, ಅಂದರೆ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯದ ಹಕ್ಕು ಎಂದಿತು. ಹಾರಿಸುವವರು ಹೆಚ್ಚಿದರೆ ಹಂಜಿಗೂ ಲಡಿಗೂ ಬೇಡಿಕೆ ಹೆಚ್ಚೀತೆಂದು ಸದರಿ ಚರಕ ಹಿಗ್ಗಿತು. ಆದರೆ ಧ್ವಜವು ಕೈನೂಲಿನ, ಕೈನೇಯ್ಗೆಯ ಖಾದಿಯದ್ದೇ ಆಗಿರಬೇಕೆಂದಿದ್ದ ಧ್ವಜ ಸಂಹಿತೆಯು ಶಾಸನವಲ್ಲ, ಸರ್ಕಾರ ತಾನೇ ಹೊರಡಿಸುವ ಕಾರ್ಯಾಂಗದ ಸೂಚನೆ ಮಾತ್ರ ಎಂದು ಅದೇ ತೀರ್ಪು ಹೇಳಿದ್ದನ್ನು ಆಗ ಸರಿಯಾಗಿ ಓದಿರಲಿಲ್ಲ.

ಪ್ರಶ್ನೆ: ಅಮೆರಿಕದ ನ್ಯಾಯಾಲಯಗಳ ಬಗ್ಗೆ?

ಚರಕ: ಅದೇ ಡಲ್ಲಾಸ್‌ನಲ್ಲಿ 1984ರಲ್ಲಿ ಪ್ರತಿಭಟನಕಾರನೊಬ್ಬ ಧ್ವಜ ಸುಟ್ಟ ಪ್ರಕರಣದಲ್ಲಿ, ಅಲ್ಲಿಯ ಸುಪ್ರೀಂ ಕೋರ್ಟು 1989ರಲ್ಲಿ 5–4ರ ಬಹುಮತದಿಂದ ಸುಡುವುದೂ ಅಭಿವ್ಯಕ್ತಿಯೇ ಎಂದಿತು, ಇಲ್ಲಿ ರಾಷ್ಟ್ರಗೌರವಕ್ಕೆ ಅಪಮಾನ ತಡೆಯುವ 1971ರ ಕಾಯ್ದೆಯಡಿ ಅದಕ್ಕೆ ಮೂರು ವರ್ಷದವರೆಗೆ ಸೆರೆವಾಸ. ಅಲ್ಲಿ ಸುಡುವವನೂ ಇಲ್ಲಿ ಹಾರಿಸುವವನೂ ಹಕ್ಕುಳ್ಳವರು; ನೂತವಳು ಎರಡೂ ಪ್ರಕರಣಗಳಲ್ಲಿ ಪಕ್ಷಗಾರಳಲ್ಲ.

ಪ್ರಶ್ನೆ: ಧ್ವಜ ಸಂಹಿತೆಯ 2021ರ ತಿದ್ದುಪಡಿಯು ತಮ್ಮನ್ನು ಹೊರಗಟ್ಟಿತೆಂಬ ಆರೋಪ ನಿಜವೇ?

ಚರಕ: ಖಂಡಿತ ಸುಳ್ಳು. ಡಿಸೆಂಬರ್ 30ರ ಆದೇಶವು ಕೈನೂಲು, ಕೈನೇಯ್ಗೆ ಎಂಬ ಪದಗಳನ್ನು ಮುಟ್ಟದೆ, ಅವುಗಳ ಮಗ್ಗುಲಲ್ಲಿ ‘ಅಥವಾ ಯಂತ್ರದಿಂದ ತಯಾರಾದ’ ಎಂದು ಸೇರಿಸಿತಷ್ಟೇ. ಮರುವರ್ಷ ‘ಹರ್ ಘರ್ ತಿರಂಗಾ’ ಅಭಿಯಾನದ ಹೊತ್ತಿಗೆ, ಖಾದಿ ಧ್ವಜಕ್ಕಿದ್ದ ಜಿಎಸ್‌ಟಿ ವಿನಾಯಿತಿಯು ಪಾಲಿಯೆಸ್ಟರ್ ಧ್ವಜಕ್ಕೂ ದೊರೆಯಿತು. ಹಂಜಿ ಹಿಡಿದ ಬೆರಳನ್ನೂ ಗಿರಣಿಯ ಯಂತ್ರವನ್ನೂ ಸರಿಸಮಾನವಾಗಿ ಕಂಡ ಈ ನೀತಿಯು ಸಮಾನತೆಯ 14ನೇ ವಿಧಿಗೆ ಸಂದ ಗೌರವವೆಂದು ಸದರಿ ಚರಕ ಭಾವಿಸಿ, ಬಿಡುವಿನ ವೇಳೆಯಲ್ಲಿ ಸಂವಿಧಾನವನ್ನು ಓದುತ್ತಿದೆ. ಬಿಡುವು ಸಾಕಷ್ಟಿದೆ.

ಪ್ರಶ್ನೆ: ಮಾನಕವಾದರೂ ತಮ್ಮ ಪರ ಇದೆಯಲ್ಲವೇ?

ಚರಕ: ಇದೆ. ದೇಶದ ಮಾನಕಗಳಲ್ಲಿ ಒಂದನೆಯ ಸಂಖ್ಯೆಯ ‘ಐಎಸ್ 1’ ಹತ್ತಿ ಖಾದಿಯ ರಾಷ್ಟ್ರಧ್ವಜದ್ದೇ. ಮೊದಲ ಸಂಖ್ಯೆ ಪಡೆದವರಿಗೆ ಮೊದಲ ಮಣೆಯೂ ಸಿಗುತ್ತದೆಂಬ ನಿಯಮ ಮಾತ್ರ ಎಲ್ಲಿಯೂ ಇಲ್ಲ.

ಹೇಳಿಕೆಯ ತಾತ್ಪರ್ಯ ಸ್ಪಷ್ಟವಾಗಿದೆ: ಹಾರಿಸುವ ಹಕ್ಕು ಸಂವಿಧಾನದ ಮೇಲೆ ನಿಂತಿತು, ಖಾದಿಗಿದ್ದ ರಕ್ಷಣೆಯು ಆದೇಶದ ಮೇಲೆ ನಿಂತಿತ್ತು, ಆದ್ದರಿಂದ ಅದನ್ನು ತೆಗೆಯಲು ಸಂಸತ್ತಿನ ಶಾಸನ ಬೇಕಾಗದೆ ಇನ್ನೊಂದು ಆದೇಶವೇ ಸಾಕಾಯಿತು. ತಿದ್ದುಪಡಿಯಾದ ಸಂಹಿತೆಯ ಬಟ್ಟೆಗಳ ಪಟ್ಟಿಯು ಈ ಕ್ರಮದಲ್ಲಿದೆ: ಹತ್ತಿ, ಪಾಲಿಯೆಸ್ಟರ್, ಉಣ್ಣೆ, ರೇಷ್ಮೆ, ಖಾದಿ.