ತ್ವಗುಪರಿ ಪ್ರೋಟೀನ್‌ಲೇಪನ ಮೀಮಾಂಸೆ

ಜೈವಸಕ್ರಿಯ ಪ್ರೋಟೀನೆಂದರೆ ದೇಹದೊಳಗೆ ಪುಕ್ಕಟೆಯಾಗಿಯೂ ಬಾಟಲಿಯೊಳಗೆ ದುಬಾರಿಯಾಗಿಯೂ ಇರುವ ದ್ರವ್ಯ. ಅದರ ತುಂಡುಗಳಾದ ಪೆಪ್ಟೈಡುಗಳು ಚತುರ್ವಿಧ: ಸಂಕೇತವಾಹಕ, ಧಾತುವಾಹಕ, ನರಸಂವಹನನಿರೋಧಕ, ಕಿಣ್ವಪ್ರತಿಬಂಧಕ. ಮೊದಲನೆಯವು ಕಾಲಜನ್ ನೇಯುವಂತೆ ಚರ್ಮದ ಕೋಶಗಳಿಗೆ ಹೇಳಿಕಳಿಸುತ್ತವೆಂದು ಪ್ರತೀತಿ. ಎರಡನೆಯವು ತಾಮ್ರ ಹೊರುತ್ತವೆ. 1973ರಲ್ಲಿ ಲೋರೆನ್ ಪಿಕಾರ್ಟ್ ಮಾನವ ರಕ್ತದ್ರವದಲ್ಲಿ ಗುರುತಿಸಿದ ಮೂರು ಅಮೈನೋ ಆಮ್ಲಗಳ ತುಣುಕು ಈ ಜಾತಿಯದು. ಉಳಿದೆರಡರ ಮಹಿಮೆ ಡಬ್ಬಿಯ ಮೇಲೆಯೇ ಅಚ್ಚಾಗಿರುವುದರಿಂದ ಇಲ್ಲಿ ಕೈಬಿಡಲಾಗಿದೆ.

ಇನ್ನು ಪ್ರವೇಶಾಧಿಕರಣ. 500 ಡಾಲ್ಟನ್ನಿಗಿಂತ ಭಾರವಾದ ಅಣು ಆರೋಗ್ಯವಂತ ಚರ್ಮವನ್ನು ದಾಟುವುದು ಕಷ್ಟವೆಂದು ಬಾಸ್ ಮತ್ತು ಮೈನಾರ್ಡಿ 2000ದಲ್ಲಿ ಹೇಳಿದರು. ಕಾಲಜನ್ ಅಣುವಿನ ತೂಕ ಸುಮಾರು 3,00,000 ಡಾಲ್ಟನ್. ಸ್ಟ್ಯಾನ್ಲಿ ಕೋಹೆನ್ ಅವರಿಗೆ 1986ರ ನೊಬೆಲ್ ತಂದ ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್ ಕೂಡ ಸುಮಾರು 6,000. ಹಾಗಾದರೆ ಕಾಲಜನ್ ಕ್ರೀಮು ಮಾಡುವುದೇನು? ಎಂದು ಪೂರ್ವಪಕ್ಷ. ಮೇಲೆ ಕುಳಿತು ತೇವ ಹಿಡಿದಿಡುತ್ತದೆ, ಎಂದು ಸಿದ್ಧಾಂತ. ಆ ಕೆಲಸಕ್ಕೆ ಗ್ಲಿಸರಿನ್ ಸಾಲದೇ? ಗ್ಲಿಸರಿನ್ನಿಗೆ ಅಷ್ಟು ಬೆಲೆ ಹಾಕಲಾಗುವುದಿಲ್ಲ.

ಸುರಕ್ಷಾಧಿಕರಣದಲ್ಲಿ ಶಾಸ್ತ್ರವು ಅದ್ವೈತವನ್ನು ಮುಟ್ಟುತ್ತದೆ. ಆಳಕ್ಕಿಳಿಯುವುದರಿಂದ ಪರಿಣಾಮಕಾರಿ, ಆಳಕ್ಕಿಳಿಯದಿರುವುದರಿಂದ ನಿರಪಾಯಕಾರಿ: ಎರಡೂ ಒಂದೇ ಕರಪತ್ರದಲ್ಲಿ.

ಜಪಾನಿನ ಹೆಂಗಸರು ನಂಬಿದ್ದೂ ಇದನ್ನೇ. 'ಚಾ ನೋ ಶಿಜುಕು' ಎಂಬ ಮುಖ ತೊಳೆಯುವ ಸೋಪಿನಲ್ಲಿ ಗೋಧಿ ಪ್ರೋಟೀನನ್ನು ಆಮ್ಲದಿಂದ ಅರೆಬರೆ ಒಡೆದು ಹಾಕಿದ್ದರು. ದಿನವೂ ನೊರೆಯೆಬ್ಬಿಸಿ ಉಜ್ಜಿದ ಮುಖದ ಚರ್ಮದಿಂದ, ಕಣ್ಣು ಮೂಗುಗಳ ಒಳಪೊರೆಯಿಂದ ಅದು ದೇಹಕ್ಕೆ ಪರಿಚಯವಾಯಿತು, ವೈರಿಯಾಗಿ. ಆಮೇಲೆ ಬ್ರೆಡ್ಡೋ ಉದೋನ್ ಶಾವಿಗೆಯೋ ತಿಂದು ನಾಲ್ಕು ಹೆಜ್ಜೆ ನಡೆದರೆ ರೆಪ್ಪೆ ಊದಿತು, ಉಸಿರು ಕಟ್ಟಿತು. ಕೆಲವರಿಗೆ ಅನಾಫಿಲ್ಯಾಕ್ಸಿಸ್ ಆಯಿತು. 2011ರಲ್ಲಿ ಸೋಪನ್ನು ಹಿಂದಕ್ಕೆ ಪಡೆದರು. ಅಲರ್ಜಿ ತಗುಲಿದವರು 2,000ಕ್ಕೂ ಹೆಚ್ಚು. ಇದಕ್ಕೆ ಯಾವ ಅಧಿಕರಣ ಬರೆಯುವುದು? ಮುಖ ತೊಳೆದುಕೊಂಡದ್ದಕ್ಕೆ ಊಟದ ತಟ್ಟೆಯನ್ನು ಕಂಡು ಹೆದರುವ ಶಿಕ್ಷೆ! ಹೊಳಪಿನ ಮಾತು ಬರೆದ ಲೇಖನಿಗೆ ಒಂದು ಎಚ್ಚರಿಕೆ ಬರೆಯಲು ಶಾಯಿ ಇರಲಿಲ್ಲ.

ಯುರೋಪ್ ಒಕ್ಕೂಟ 2017ರಲ್ಲಿ ಮಿತಿ ಹಾಕಿತು: ಸೌಂದರ್ಯವರ್ಧಕಗಳಲ್ಲಿ ಒಡೆದ ಗೋಧಿ ಪ್ರೋಟೀನಿನ ತುಣುಕುಗಳ ಸರಾಸರಿ ಅಣುತೂಕ 3.5 ಕಿಲೋಡಾಲ್ಟನ್ ಮೀರಬಾರದು. ತುಣುಕು ಸಣ್ಣದಾದಷ್ಟೂ ಅಲರ್ಜಿಯ ಭಯ ಕಡಿಮೆ. ಎಸ್ಜಿಮಾ ಇರುವವರು, ಎಳೆಮಕ್ಕಳ ತಾಯಂದಿರು ಡಬ್ಬಿಯ ಹಿಂಬದಿಯ ಸಣ್ಣಕ್ಷರ ಓದಿ. ಗೋಧಿ, ಓಟ್ಸ್, ಹಾಲು ಇವುಗಳ ಪ್ರೋಟೀನ್ ಇರುವುದನ್ನು ಬಿರಿದ ಚರ್ಮಕ್ಕೆ ಹಚ್ಚಬೇಡಿ.